ರೂಟರಿನವರೆಗೆ ಬಂದ ವೇಗ ಕಂಪ್ಯೂಟರಿಗೆ ಏಕೆ ತಲುಪುವುದಿಲ್ಲ?

ಪ್ರಶ್ನೆ: ಕಲಬುರಗಿಯ ಬ್ರಹ್ಮಪುರದಲ್ಲಿ ನಮ್ಮದು ಹಳೆಯ ಕಲ್ಲಿನ ಮನೆ. ಕಳೆದ ವರ್ಷ 300 ಎಂಬಿಪಿಎಸ್ ವೇಗದ ಫೈಬರ್ ಇಂಟರ್ನೆಟ್ ಹಾಕಿಸಿದೆವು. ರೂಟರ್ ಪಡಸಾಲೆಯಲ್ಲಿದೆ, ಮಗಳು ಆಫೀಸಿನ ಕೆಲಸ ಮಾಡುವ ಕಂಪ್ಯೂಟರ್ ಒಳಗಿನ ಕೋಣೆಯಲ್ಲಿದೆ. ಗೋಡೆಗಳು ದಪ್ಪವಾಗಿರುವುದರಿಂದ ವೈಫೈ ಅಲ್ಲಿಗೆ ಸರಿಯಾಗಿ ಬರುವುದಿಲ್ಲ, ಹಾಗಾಗಿ ಲ್ಯಾನ್ ಕೇಬಲ್ ಎಳೆಸಿದ್ದೇವೆ. ಪಡಸಾಲೆಯಲ್ಲಿ ಕುಳಿತು ಮೊಬೈಲಿನಲ್ಲಿ ಪರೀಕ್ಷಿಸಿದರೆ ವೇಗ 270ರಿಂದ 280 ತೋರಿಸುತ್ತದೆ. ಕಂಪ್ಯೂಟರಿನಲ್ಲಿ ಮಾತ್ರ ಯಾವ ಹೊತ್ತಿನಲ್ಲಿ ನೋಡಿದರೂ 94. ಮೊದಲ ಕೆಲವು ತಿಂಗಳು ಅಲ್ಲಿಯೂ 280 ಬರುತ್ತಿತ್ತು. ಕಂಪನಿಯಿಂದ ಬಂದವರು ಐದು ನಿಮಿಷ ನೋಡಿ, ಕಂಪ್ಯೂಟರ್ ಹಳೆಯದಾಗಿದೆ, ಬದಲಿಸಿಬಿಡಿ ಎಂದು ಹೇಳಿ ಹೋದರು. ನಾನು ನಿವೃತ್ತ ಶಿಕ್ಷಕ. ಅಷ್ಟು ಹಣ ಹಾಕುವ ಮುನ್ನ ನಿಮ್ಮನ್ನು ಕೇಳೋಣವೆಂದು ಬರೆಯುತ್ತಿದ್ದೇನೆ.

ಉತ್ತರ: ಗುರುಗಳೇ, ದಯವಿಟ್ಟು ಕಂಪ್ಯೂಟರನ್ನು ಈಗಲೇ ಬದಲಿಸಬೇಡಿ. ನೀವು ಬರೆದಿರುವ 94 ಎಂಬ ಅಂಕಿಯೇ ಅರ್ಧ ಉತ್ತರವನ್ನು ಹೇಳುತ್ತಿದೆ. ಹೊರಗಿನ ಲೈನಿನಲ್ಲಿ ತೊಂದರೆಯಿದ್ದರೆ ವೇಗ ಬೆಳಿಗ್ಗೆ ಒಂದು, ಸಂಜೆ ಒಂದು ಎಂಬಂತೆ ಏರಿಳಿಯುತ್ತದೆ. ಕಂಪ್ಯೂಟರಿಗೆ ವಯಸ್ಸಾಗಿದ್ದರೆ ವೇಗ ಕುಂಟುತ್ತದೆಯೇ ಹೊರತು ಒಂದೇ ಅಂಕಿಗೆ ಅಂಟಿಕೊಂಡು ನಿಲ್ಲುವುದಿಲ್ಲ. ರೂಟರ್ ಮತ್ತು ಕಂಪ್ಯೂಟರ್ ಪರಸ್ಪರ 100 ಎಂಬಿಪಿಎಸ್ ವೇಗಕ್ಕೆ ಒಪ್ಪಿಕೊಂಡಿರುವಾಗ ಬಳಸುವವರ ಕೈಗೆ ಸಿಗುವುದು 94 ಅಥವಾ 95. ಮಾಹಿತಿ ತಂತಿಯ ಮೇಲೆ ಪೊಟ್ಟಣಗಳಾಗಿ ಸಾಗುತ್ತದೆ. ಒಂದು ದೊಡ್ಡ ಪೊಟ್ಟಣವು ವಿಳಾಸ, ತಪಾಸಣೆಯ ಅಂಕಿ ಮತ್ತು ಮುಂದಿನ ಪೊಟ್ಟಣಕ್ಕೆ ಮೊದಲು ಬಿಡಬೇಕಾದ ಅಂತರ ಎಲ್ಲವೂ ಸೇರಿ 1,538 ಬೈಟ್‌ಗಳಷ್ಟು ಜಾಗ ಹಿಡಿಯುತ್ತದೆ, ಅದರಲ್ಲಿ ನಿಮ್ಮ ಫೈಲಿಗೆ ಸೇರಿದ್ದು 1,460 ಬೈಟ್ ಮಾತ್ರ. ನೂರಕ್ಕೆ ಸುಮಾರು 95 ಎಂಬ ಈ ಲೆಕ್ಕ ನಿಮ್ಮ ಮನೆಯ ಅಂಕಿಗೆ ಸರಿಯಾಗಿ ಹೊಂದುತ್ತದೆ. ಆದ್ದರಿಂದ ಕಂಪನಿಯ ಲೈನನ್ನು ಸದ್ಯಕ್ಕೆ ಬಿಡಿ. ರೂಟರಿನ ಹಿಂಬದಿಯಿಂದ ಕಂಪ್ಯೂಟರಿನ ಹಿಂಬದಿಯವರೆಗಿನ ದಾರಿಯನ್ನಷ್ಟೇ ನಾವು ಹುಡುಕಬೇಕು.

ಇದನ್ನು ಖಚಿತಪಡಿಸಿಕೊಳ್ಳಲು ಯಾವ ಸಾಫ್ಟ್‌ವೇರೂ ಬೇಕಾಗಿಲ್ಲ. ಕೀಬೋರ್ಡಿನಲ್ಲಿ ವಿಂಡೋಸ್ ಗುರುತಿನ ಕೀಲಿಯನ್ನು ಒತ್ತಿ ಹಿಡಿದು ಆರ್ ಅಕ್ಷರವನ್ನು ಒತ್ತಿದರೆ ಒಂದು ಚಿಕ್ಕ ಪೆಟ್ಟಿಗೆ ತೆರೆಯುತ್ತದೆ. ಅದರಲ್ಲಿ ಇಂಗ್ಲಿಷಿನ ಎನ್, ಸಿ, ಪಿ, ಎ ಅಕ್ಷರಗಳು, ಒಂದು ಚುಕ್ಕೆ, ನಂತರ ಸಿ, ಪಿ, ಎಲ್ ಎಂದು ಟೈಪಿಸಿ ಎಂಟರ್ ಒತ್ತಿ. ಈಥರ್‌ನೆಟ್ ಎಂದಿರುವ ಚಿತ್ರದ ಮೇಲೆ ಎರಡು ಸಲ ಕ್ಲಿಕ್ ಮಾಡಿದಾಗ ಬರುವ ಕಿಟಕಿಯಲ್ಲಿ ಸ್ಪೀಡ್ ಎಂಬ ಸಾಲು ಇರುತ್ತದೆ. ಅಲ್ಲಿ 1.0 ಜಿಬಿಪಿಎಸ್, ಅಂದರೆ 1000 ಎಂಬಿಪಿಎಸ್, ಎಂದಿದ್ದರೆ ಕೇಬಲ್ ತನ್ನ ಕೆಲಸ ಮಾಡುತ್ತಿದೆ ಎಂದರ್ಥ. ನಿಮ್ಮಲ್ಲಿ 100.0 ಎಂಬಿಪಿಎಸ್ ಎಂದೇ ಇರುತ್ತದೆ ಎಂಬುದು ನನ್ನ ನಂಬಿಕೆ.

ಲ್ಯಾನ್ ಕೇಬಲಿನ ಒಳಗೆ ಎಂಟು ತಂತಿಗಳು ಎರಡೆರಡಾಗಿ ಹೊಸೆದುಕೊಂಡು ನಾಲ್ಕು ಜೋಡಿಗಳಾಗಿರುತ್ತವೆ. 100 ಎಂಬಿಪಿಎಸ್ ವೇಗಕ್ಕೆ ಇವುಗಳಲ್ಲಿ ಎರಡು ಜೋಡಿ ಸಾಕು, ಕನೆಕ್ಟರಿನ 1, 2, 3 ಮತ್ತು 6ನೆಯ ಪಿನ್ನುಗಳು ಮಾತ್ರ ಆಗ ಕೆಲಸ ಮಾಡುತ್ತವೆ. 1999ರಲ್ಲಿ ಮಾನಕವಾಗಿ ಬಂದ, ತಾಮ್ರದ ಕೇಬಲಿನ ಮೇಲೆ ಓಡುವ, 1000 ಎಂಬಿಪಿಎಸ್ ವೇಗದ ಗಿಗಾಬಿಟ್ ಈಥರ್‌ನೆಟ್ಟಿಗೆ ಮಾತ್ರ ನಾಲ್ಕು ಜೋಡಿಗಳೂ ಬೇಕು. ಎರಡು ತುದಿಯ ಯಂತ್ರಗಳು ತಮ್ಮ ವೇಗದ ಬಗ್ಗೆ ಮಾತನಾಡಿಕೊಳ್ಳುವುದು ಮೊದಲ ಎರಡು ಜೋಡಿಗಳ ಮೇಲೆಯೇ ಆದುದರಿಂದ, ನೀಲಿ ಅಥವಾ ಕಂದು ಜೋಡಿಯ ಒಂದೇ ಒಂದು ತಂತಿ ತುಂಡಾಗಿದ್ದರೂ ಮಾತುಕತೆ ಸುಗಮವಾಗಿ ನಡೆದು, ಗಿಗಾಬಿಟ್ಟಿಗೆ ಒಪ್ಪಂದವಾಗಿ, ಆ ವೇಗದಲ್ಲಿ ಹೊರಡಲು ಹೋದಾಗ ಮಾತ್ರ ಸೋಲುತ್ತದೆ. ಕೆಲವು ಸಲ ಸೋತ ನಂತರ ಇಂದಿನ ಬಹುತೇಕ ನೆಟ್‌ವರ್ಕ್ ಕಾರ್ಡುಗಳು ತಾವಾಗಿಯೇ 100ಕ್ಕೆ ಇಳಿದು ಕೆಲಸ ಮುಂದುವರಿಸುತ್ತವೆ. ದೀಪ ಹತ್ತಿರುತ್ತದೆ, ಇಂಟರ್ನೆಟ್ ನಡೆಯುತ್ತಿರುತ್ತದೆ, ಯಾವ ಎಚ್ಚರಿಕೆಯೂ ಪರದೆಯ ಮೇಲೆ ಬರುವುದಿಲ್ಲ. ಮನೆಯವರಿಗೆ ತಿಂಗಳುಗಟ್ಟಲೆ ವಿಷಯವೇ ಗೊತ್ತಾಗದಿರುವುದು ಹೀಗೆ.

ಕಳೆದ ಬೇಸಿಗೆಯಲ್ಲಿ ಶಹಾಬಜಾರಿನ ಒಂದು ಮನೆಯಲ್ಲಿ ಇದೇ ತೊಂದರೆಯನ್ನು ಕಣ್ಣಾರೆ ನೋಡಿದೆ. ಕೇಬಲನ್ನು ಗೋಡೆಗುಂಟ ತಂದು, ಹೊಸ್ತಿಲು ದಾಟಿಸಲು ಬೇರೆ ದಾರಿ ಕಾಣದೆ, ಶಹಾಬಾದ್ ಕಲ್ಲಿನ ಒಂದು ಹಾಸನ್ನು ಎಬ್ಬಿಸಿ ಅದರ ಅಡಿಯಲ್ಲಿ ಹಾಯಿಸಿ ಮತ್ತೆ ಕೂರಿಸಿದ್ದರು. ಕಲ್ಲನ್ನು ಎತ್ತಿ ನೋಡಿದಾಗ ಬೂದು ಬಣ್ಣದ ಹೊದಿಕೆ ಆ ಒಂದು ಕಡೆ ನಾಲಿಗೆಯಂತೆ ಚಪ್ಪಟೆಯಾಗಿತ್ತು. ಬ್ಲೇಡಿನಿಂದ ಉದ್ದಕ್ಕೆ ಸೀಳಿದೆವು. ಕಿತ್ತಳೆ, ಹಸಿರು, ನೀಲಿ ಜೋಡಿಗಳು ಜಜ್ಜಿಹೋಗಿದ್ದರೂ ತುಂಡಾಗಿರಲಿಲ್ಲ, ಕಂದು ತಂತಿ ಮಾತ್ರ ಎರಡು ತುಂಡಾಗಿ ಅದರ ತುದಿ ಹೊರಚಾಚಿತ್ತು. ಆ ತುದಿಯನ್ನು ಬ್ಲೇಡಿನ ಅಂಚಿನಿಂದ ಕೆರೆದಾಗ ಮೇಲಿನ ಕೆಂಪು ಛಾಯೆ ಹೋಗಿ ಒಳಗೆ ಬೆಳ್ಳಿಯಂತೆ ಬಿಳಿಯಾಗಿ ಹೊಳೆಯಿತು. ಅದು ತಾಮ್ರದ ತಂತಿಯಾಗಿರಲಿಲ್ಲ, ತಾಮ್ರದ ತೆಳುವಾದ ಲೇಪವಿದ್ದ ಅಲ್ಯೂಮಿನಿಯಂ ಆಗಿತ್ತು. ಅಗ್ಗದ ಕೇಬಲುಗಳಲ್ಲಿ ಇದನ್ನೇ ಬಳಸುತ್ತಾರೆ. ಹೊಸದಾಗಿ ಹಾಕಿದ ದಿನ ಪೂರ್ತಿ ವೇಗವನ್ನೂ ಕೊಡುತ್ತದೆ, ಆದರೆ ಬಾಗಿದಲ್ಲಿ, ಒತ್ತಿದಲ್ಲಿ ತಾಮ್ರಕ್ಕಿಂತ ಬೇಗ ಮುರಿಯುತ್ತದೆ. ನಿಮ್ಮ ಮನೆಯಲ್ಲಿ ಮೊದಲು 280 ಬಂದು ಆಮೇಲೆ 94ಕ್ಕೆ ಇಳಿದದ್ದನ್ನು ಓದಿದಾಗ ನನಗೆ ತಕ್ಷಣ ನೆನಪಾದದ್ದು ಆ ಕಂದು ತಂತಿ.

ಆದರೆ ಪತ್ರ ಓದಿ ತೀರ್ಪು ಕೊಡುವುದು ಸರಿಯಲ್ಲ, ನೀವೇ ಪರೀಕ್ಷಿಸಿ ನೋಡಬೇಕು. ಮನೆಯಲ್ಲಿ ಲ್ಯಾನ್ ಪೋರ್ಟ್ ಇರುವ ಲ್ಯಾಪ್‌ಟಾಪ್ ಇದ್ದರೆ, ಅಥವಾ ನೆರೆಯವರಿಂದ ಒಂದು ಗಂಟೆಯ ಮಟ್ಟಿಗೆ ಸಿಕ್ಕರೆ, ಅದನ್ನು ಒಳಕೋಣೆಗೆ ಒಯ್ದು, ಕಂಪ್ಯೂಟರಿನಿಂದ ಕಿತ್ತ ಅದೇ ಕೇಬಲಿಗೆ ಸೇರಿಸಿ ಸ್ಪೀಡ್ ಸಾಲನ್ನು ನೋಡಿ. ಅಲ್ಲಿಯೂ 100 ಎಂದೇ ಬಂದರೆ ಕಂಪ್ಯೂಟರ್ ನಿರ್ದೋಷಿ. ಆಮೇಲೆ ಲ್ಯಾಪ್‌ಟಾಪನ್ನು ಪಡಸಾಲೆಗೆ ತಂದು, ರೂಟರಿನ ಅದೇ ಪೋರ್ಟಿಗೆ, ರೂಟರಿನ ಪೆಟ್ಟಿಗೆಯಲ್ಲಿ ಬಂದಿದ್ದ ಚಿಕ್ಕ ಕೇಬಲಿನಿಂದ ಸೇರಿಸಿ. ಈಗ 1.0 ಜಿಬಿಪಿಎಸ್ ಬಂದರೆ ಪೋರ್ಟೂ ನಿರ್ದೋಷಿ, ಉಳಿಯುವುದು ಉದ್ದದ ಕೇಬಲ್ ಒಂದೇ. ಲ್ಯಾಪ್‌ಟಾಪ್ ಸಿಗದಿದ್ದರೆ ಕಂಪ್ಯೂಟರನ್ನೇ ಒಂದು ಸಂಜೆ ಪಡಸಾಲೆಗೆ ತಂದಿಡುವುದು ತ್ರಾಸದ ಕೆಲಸವಾದರೂ, ಹೊಸ ಕಂಪ್ಯೂಟರ್ ಕೊಂಡು ಅದರಲ್ಲಿಯೂ 94ನ್ನೇ ನೋಡುವುದಕ್ಕಿಂತ ಎಷ್ಟೋ ಮೇಲು.

ಪಡಸಾಲೆಯಲ್ಲಿಯೂ 100 ಎಂದೇ ಬಂದರೆ ರೂಟರಿನ ಪೋರ್ಟುಗಳ ಮೇಲಿನ ಅಕ್ಷರಗಳನ್ನು ನೋಡಿ. ಕಂಪನಿಗಳು ಕೊಡುವ ಕೆಲವು ಪೆಟ್ಟಿಗೆಗಳಲ್ಲಿ ಒಂದೇ ಪೋರ್ಟು ಗಿಗಾಬಿಟ್ಟಿನದಾಗಿದ್ದು, ಉಳಿದವು 100ರವು ಆಗಿರುತ್ತವೆ. ಜಿಇ ಎಂದಿರುವುದು ಮೊದಲನೆಯದು, ಎಫ್‌ಇ ಎಂದಿರುವುದು ಎರಡನೆಯದು. ಕಸ ಗುಡಿಸುವಾಗ ಬಿಚ್ಚಿದ ಕೇಬಲನ್ನು ಪಕ್ಕದ ಪೋರ್ಟಿಗೆ ಚುಚ್ಚಿದ್ದಕ್ಕೇ ವೇಗ ಮೂರನೇ ಒಂದಕ್ಕೆ ಇಳಿದ ಮನೆಗಳೂ ಇವೆ. ಇನ್ನೊಂದು ಸಾಧ್ಯತೆ ಕಂಪ್ಯೂಟರಿನೊಳಗಿನ ಸೆಟ್ಟಿಂಗಿನದು. ಡಿವೈಸ್ ಮ್ಯಾನೇಜರಿನಲ್ಲಿ ನೆಟ್‌ವರ್ಕ್ ಕಾರ್ಡಿನ ಅಡ್ವಾನ್ಸ್ಡ್ ಪುಟದಲ್ಲಿ ಸ್ಪೀಡ್ ಮತ್ತು ಡ್ಯುಪ್ಲೆಕ್ಸ್ ಎಂಬ ಸಾಲಿದೆ. ಅದು ಆಟೋ ನೆಗೋಶಿಯೇಶನ್ ಎಂದೇ ಇರಬೇಕು. ಯಾರಾದರೂ ರಿಪೇರಿ ಮಾಡಲು ಬಂದವರು ಅದನ್ನು 100 ಫುಲ್ ಡ್ಯುಪ್ಲೆಕ್ಸ್ ಎಂದು ಕಟ್ಟಿಹಾಕಿದ್ದರೆ, ಆಟೋದಲ್ಲಿಯೇ ಇರುವ ರೂಟರಿಗೆ ಎದುರಿನವರ ಮನಸ್ಸು ತಿಳಿಯದೆ ಅದು ಹಾಫ್ ಡ್ಯುಪ್ಲೆಕ್ಸಿಗೆ ಇಳಿಯುತ್ತದೆ. ಒಂದು ಕಡೆಯವರು ಕೇಳುತ್ತಲೂ ಮಾತನಾಡುತ್ತಲೂ ಇರುವಾಗ, ಇನ್ನೊಂದು ಕಡೆಯವರು ಒಬ್ಬರು ಮಾತನಾಡುವಾಗ ಇನ್ನೊಬ್ಬರು ಸುಮ್ಮನಿರಬೇಕೆಂಬ ನಿಯಮ ಪಾಲಿಸಿದಂತಾಗಿ, ಭಾರ ಬಿದ್ದೊಡನೆ ವೇಗ ಕುಸಿಯುತ್ತದೆ. ನಿಮ್ಮ 94 ಸ್ಥಿರವಾಗಿರುವುದರಿಂದ ನಿಮ್ಮಲ್ಲಿ ಹೀಗಾಗಿರಲಾರದು, ಆದರೂ ಅದನ್ನು ನೋಡಲು ಒಂದು ನಿಮಿಷ ಸಾಕು.

ಕೇಬಲ್ ಬದಲಿಸುವುದೇ ಆದರೆ ಅಂಗಡಿಯಲ್ಲಿ ಪೂರ್ತಿ ತಾಮ್ರದ ಕ್ಯಾಟ್ 6 ಎಂದು ಬಾಯಿಬಿಟ್ಟು ಕೇಳಿ, ಕತ್ತರಿಸಿದ ತುದಿಯನ್ನು ಅಲ್ಲಿಯೇ ಕೆರೆದು ನೋಡಿ. ಕ್ಯಾಟ್ 5ಇ ಆದರೂ 100 ಮೀಟರಿನವರೆಗೆ ಗಿಗಾಬಿಟ್ಟನ್ನು ಒಯ್ಯುತ್ತದೆ, ಆದ್ದರಿಂದ ಮನೆಯೊಳಗಿನ ದೂರಕ್ಕೆ ಕ್ಯಾಟ್ 6ಕ್ಕಿಂತ ದುಬಾರಿಯದಕ್ಕೆ ಹೋಗಬೇಕಾಗಿಲ್ಲ. ಕಲ್ಲಿನ ಅಡಿಯಲ್ಲಿ ಮಾತ್ರ ಮತ್ತೆ ಹಾಯಿಸಬೇಡಿ. ಬಾಗಿಲ ಚೌಕಟ್ಟಿನ ಮೇಲುಗಡೆಯಿಂದ, ಪ್ಲಾಸ್ಟಿಕ್ ಪಟ್ಟಿಯೊಳಗೆ, ಕರೆಂಟಿನ ತಂತಿಗಳಿಂದ ಒಂದು ಗೇಣು ದೂರದಲ್ಲಿ ತಂದರೆ ನಿಮ್ಮ ಮಗಳಿಗೆ ಮುಂದೆ ಈ ಕಾಟ ಇರುವುದಿಲ್ಲ.

ಪ್ರಶ್ನೆ: ಸೇಡಂನಲ್ಲಿ 100 ಎಂಬಿಪಿಎಸ್ ಪ್ಲಾನಿಗೆ ಹಣ ಕಟ್ಟುತ್ತಿದ್ದೇನೆ. ಸ್ಪೀಡ್ ಟೆಸ್ಟಿನಲ್ಲಿ 93 ಬಂದರೂ ಫೈಲ್ ಡೌನ್‌ಲೋಡ್ ಮಾಡುವಾಗ 11 ಎಂಬಿ ಮಾತ್ರ ತೋರಿಸುತ್ತದೆ. ಇದು ಮೋಸವಲ್ಲವೇ?

ಉತ್ತರ: ಮೋಸವಲ್ಲ. ಪ್ಲಾನಿನ ಅಂಕಿ ಬಿಟ್ಟುಗಳಲ್ಲಿದೆ, ಡೌನ್‌ಲೋಡಿನ ಅಂಕಿ ಬೈಟುಗಳಲ್ಲಿದೆ. ಎಂಟು ಬಿಟ್ಟುಗಳಿಗೆ ಒಂದು ಬೈಟು. 93ನ್ನು 8ರಿಂದ ಭಾಗಿಸಿದರೆ ಹನ್ನೊಂದೂವರೆಗಿಂತ ತುಸು ಹೆಚ್ಚು ಬರುತ್ತದೆ, ನಿಮಗೆ ಸಿಗುತ್ತಿರುವುದೂ ಅಷ್ಟೇ. ನಿಮ್ಮ ಸಂಪರ್ಕ ಚೆನ್ನಾಗಿಯೇ ಇದೆ.

ಪ್ರಶ್ನೆ: ಯಾದಗಿರಿ ಜಿಲ್ಲೆಯ ಶಹಾಪುರದಲ್ಲಿ ಅಣ್ಣನ ಮನೆ ಮತ್ತು ನಮ್ಮ ಮನೆ ಒಂದೇ ಓಣಿಯಲ್ಲಿವೆ. ಅವರ ರೂಟರಿನಿಂದ ನಮ್ಮ ಕಂಪ್ಯೂಟರಿಗೆ ಸುಮಾರು 40 ಮೀಟರ್ ಕೇಬಲನ್ನು ನಾನೇ ಎಳೆದು, ತುದಿಗಳಿಗೆ ಕನೆಕ್ಟರ್ ಕೂರಿಸಿ ನಾನೇ ಕ್ರಿಂಪ್ ಮಾಡಿದೆ. ಕೇಬಲ್ ಟೆಸ್ಟರಿನಲ್ಲಿ 1ರಿಂದ 8ರವರೆಗೆ ಎಲ್ಲ ದೀಪಗಳೂ ಸರದಿಯಂತೆ ಹತ್ತುತ್ತವೆ. ಆದರೂ ವೇಗ 8 ಅಥವಾ 10ರ ಮೇಲೆ ಹೋಗುವುದಿಲ್ಲ, ನಡುನಡುವೆ ಸಂಪರ್ಕವೂ ತಪ್ಪುತ್ತದೆ. ಕೇಬಲ್ ಹೊಸದು, ಅಸಲಿ ತಾಮ್ರದ್ದು.

ಉತ್ತರ: ತಮ್ಮಾ, ಕೇಬಲಿನ ಎರಡೂ ತುದಿಗಳನ್ನು ಬೆಳಕಿಗೆ ಹಿಡಿದು ಕನೆಕ್ಟರಿನೊಳಗಿನ ಬಣ್ಣಗಳ ಕ್ರಮವನ್ನು ಓದು. ಕಿತ್ತಳೆಬಿಳಿ, ಕಿತ್ತಳೆ, ಹಸಿರುಬಿಳಿ, ಹಸಿರು, ನೀಲಿಬಿಳಿ, ನೀಲಿ, ಕಂದುಬಿಳಿ, ಕಂದು ಎಂದಿದ್ದರೆ ತಪ್ಪು ಅಲ್ಲಿಯೇ ಇದೆ. ಜೋಡಿಗಳನ್ನು ಹೀಗೆ ಸಾಲಾಗಿ ಇಡುವುದು ಎಷ್ಟು ಸಹಜವಾಗಿ ತೋರುತ್ತದೆಂದರೆ, ಮೊದಲ ಸಲ ಕ್ರಿಂಪಿಂಗ್ ಇಕ್ಕಳ ಹಿಡಿದವರಲ್ಲಿ ಅನೇಕರು ಇದನ್ನೇ ಮಾಡುತ್ತಾರೆ. ಎರಡೂ ತುದಿಗಳಲ್ಲಿ ಒಂದೇ ಕ್ರಮವಿರುವುದರಿಂದ ಪ್ರತಿಯೊಂದು ತಂತಿಯೂ ಈ ತುದಿಯಿಂದ ಆ ತುದಿಗೆ ಸರಿಯಾದ ಪಿನ್ನಿಗೇ ತಲುಪುತ್ತದೆ, ಟೆಸ್ಟರ್ ನೋಡುವುದು ಅಷ್ಟನ್ನೇ ಆದ್ದರಿಂದ ಎಂಟೂ ದೀಪಗಳು ಹತ್ತುತ್ತವೆ.

ಟೆಸ್ಟರಿಗೆ ಕಾಣದಿರುವುದು ಹೊಸೆತ. ಎರಡು ತಂತಿಗಳನ್ನು ಒಂದರ ಸುತ್ತ ಒಂದು ಹೊಸೆದಿರುವುದು ಕೇಬಲ್ ನೀಟಾಗಿ ಕಾಣಲೆಂದಲ್ಲ. ಸಂಕೇತವು ಒಂದು ತಂತಿಯಲ್ಲಿ ಹೋದಂತೆಯೇ ಅದರ ತಿರುವುಮುರುವು ರೂಪ ಜೊತೆಯ ತಂತಿಯಲ್ಲಿ ಹೋಗುತ್ತದೆ. ಹೊಸೆದಿರುವುದರಿಂದ ಹೊರಗಿನ ಗದ್ದಲ ಎರಡರ ಮೇಲೂ ಸಮನಾಗಿ ಬೀಳುತ್ತದೆ, ಆ ತುದಿಯ ಯಂತ್ರ ಎರಡರ ವ್ಯತ್ಯಾಸವನ್ನು ಮಾತ್ರ ಓದುವುದರಿಂದ ಗದ್ದಲ ಕಳೆದುಹೋಗುತ್ತದೆ. ಯಂತ್ರದ ಲೆಕ್ಕದಲ್ಲಿ 3 ಮತ್ತು 6ನೆಯ ಪಿನ್ನುಗಳು ಒಂದು ಜೋಡಿ. ನಿನ್ನ ಕ್ರಮದಲ್ಲಿ 3ರಲ್ಲಿ ಹಸಿರುಬಿಳಿ, 6ರಲ್ಲಿ ನೀಲಿ ಬಂದು ಕುಳಿತಿವೆ, ಅವೆರಡೂ ಪರಸ್ಪರ ಹೊಸೆದವಲ್ಲ. 40 ಮೀಟರ್ ಉದ್ದಕ್ಕೂ ಒಂದು ಜೋಡಿಯ ಮಾತು ಇನ್ನೊಂದಕ್ಕೆ ಸೋರುತ್ತದೆ, ಪೊಟ್ಟಣಗಳು ಕೆಡುತ್ತವೆ, ಕೆಟ್ಟವನ್ನು ಮತ್ತೆ ಮತ್ತೆ ಕಳಿಸುವುದರಲ್ಲಿಯೇ ವೇಗವೆಲ್ಲ ಹೋಗುತ್ತದೆ. ಎರಡು ಮೀಟರಿನ ಕೇಬಲಿನಲ್ಲಾದರೆ ಇದೇ ತಪ್ಪು ಎಷ್ಟೋ ಸಲ ಮುಚ್ಚಿಹೋಗುತ್ತದೆ.

ಎರಡೂ ತುದಿಗಳನ್ನು ಕತ್ತರಿಸಿ ಮತ್ತೆ ಮಾಡು. ಕನೆಕ್ಟರಿನ ಕೊಂಡಿ ಕೆಳಮುಖವಾಗಿ, ಕೇಬಲ್ ಒಳಹೋಗುವ ಬಾಯಿ ನಿನ್ನ ಕಡೆಗೆ ಇರುವಂತೆ ಹಿಡಿದಾಗ ಎಡದಿಂದ ಬಲಕ್ಕೆ ಕಿತ್ತಳೆಬಿಳಿ, ಕಿತ್ತಳೆ, ಹಸಿರುಬಿಳಿ, ನೀಲಿ, ನೀಲಿಬಿಳಿ, ಹಸಿರು, ಕಂದುಬಿಳಿ, ಕಂದು ಎಂದು ಬರಬೇಕು. ನೀಲಿ ಜೋಡಿ ಹಸಿರು ಜೋಡಿಯ ನಡುವೆ ಕೂರುವುದೇ ಇದರ ಗುಟ್ಟು. ಹೊಸೆತವನ್ನು ಅರ್ಧ ಅಂಗುಲಕ್ಕಿಂತ ಹೆಚ್ಚು ಬಿಚ್ಚಬೇಡ, ಹೊರಹೊದಿಕೆ ಕನೆಕ್ಟರಿನೊಳಗೆ ಹೋಗಿ ಅದರ ಹಿಡಿತಕ್ಕೆ ಸಿಗುವಂತೆ ಮಾಡು.

ನೀನು ಕೇಳದಿದ್ದರೂ ಇನ್ನೊಂದು ಮಾತು ಹೇಳಲೇಬೇಕು. ಎರಡು ಮನೆಗಳ ನಡುವೆ ಬಯಲಿನಲ್ಲಿ ಹಾದುಹೋದ ತಾಮ್ರದ ಕೇಬಲ್ ಗುಡುಗು ಮಿಂಚಿನ ದಿನಗಳಲ್ಲಿ ಅಪಾಯಕಾರಿ. ಸಿಡಿಲು ಕೇಬಲಿಗೇ ಬಡಿಯಬೇಕೆಂದಿಲ್ಲ, ಹತ್ತಿರದಲ್ಲಿ ಬಿದ್ದರೂ ಅದರಲ್ಲಿ ಹುಟ್ಟುವ ವಿದ್ಯುತ್ತಿನ ಹೊಡೆತ ಎರಡೂ ತುದಿಯ ಪೋರ್ಟುಗಳನ್ನು ಸುಡಬಲ್ಲದು. ಎರಡು ಮನೆಗಳಿಗೆ ಬೇರೆ ಬೇರೆ ಮೀಟರ್, ಬೇರೆ ಬೇರೆ ಅರ್ಥಿಂಗ್ ಇರುವುದು ಇನ್ನೊಂದು ತೊಂದರೆ. ಮುಂಗಾರಿಗೆ ಮುಂಚಿನ ಮಳೆಗಳಲ್ಲಿ ನಮ್ಮ ಕಡೆ ಸಿಡಿಲು ಎಷ್ಟೆಂಬುದು ನಿನಗೆ ಗೊತ್ತೇ ಇದೆ. ಕೈಲಾದಾಗ ಆ 40 ಮೀಟರಿಗೆ ಫೈಬರ್ ತಂತಿ ಎಳೆಸಿ, ಎರಡು ತುದಿಗಳಲ್ಲಿ ಫೈಬರನ್ನು ಲ್ಯಾನ್ ಕೇಬಲಿಗೆ ಹೊಂದಿಸುವ ಒಂದೊಂದು ಮೀಡಿಯಾ ಕನ್ವರ್ಟರ್ ಇಡು. ಅಲ್ಲಿಯವರೆಗೆ ಮೋಡ ಕವಿದೊಡನೆ ಕೇಬಲನ್ನು ಎರಡೂ ಕಡೆ ಬಿಚ್ಚುವುದನ್ನು ರೂಢಿ ಮಾಡಿಕೋ.

ಪ್ರಶ್ನೆ: ಬೀದರಿನ ನೌಬಾದಿನಲ್ಲಿ ವಾಸವಿದ್ದೇನೆ. ಕಂಪ್ಯೂಟರಿಗೆ ಲ್ಯಾನ್ ಕೇಬಲ್ ಇದೆ, ಸ್ಪೀಡ್ ಸಾಲಿನಲ್ಲಿ 1.0 ಜಿಬಿಪಿಎಸ್ ಎಂದೇ ಇದೆ. ಬೆಳಿಗ್ಗೆ 150 ಬರುವ ವೇಗ ರಾತ್ರಿ 7ರಿಂದ 10ರವರೆಗೆ 20ಕ್ಕೆ ಇಳಿಯುತ್ತದೆ. ಬೇಸತ್ತು ಇಂಟರ್ನೆಟ್ ವೇಗ ಹೆಚ್ಚಿಸುತ್ತದೆಂದು ಹೇಳುವ ಒಂದು ಸಾಫ್ಟ್‌ವೇರ್ ಹಾಕಿಕೊಂಡೆ. ಈಗ ಬೆಳಿಗ್ಗೆಯೂ ದೊಡ್ಡ ಫೈಲುಗಳು ನಿಧಾನವಾಗಿ ಇಳಿಯುತ್ತವೆ.

ಉತ್ತರ: ನಿಮ್ಮಲ್ಲಿ ಎರಡು ತೊಂದರೆಗಳಿವೆ ಸರ್, ಎರಡನೆಯದು ನೀವು ಹಾಕಿಕೊಂಡ ಸಾಫ್ಟ್‌ವೇರಿನಿಂದ ಬಂದದ್ದು. ಮೊದಲು ಅದನ್ನೇ ತೆಗೆಯೋಣ. ಫೈಲ್ ಕಳಿಸುವ ದೂರದ ಸರ್ವರ್ ಒಂದಷ್ಟು ಮಾಹಿತಿಯನ್ನು ಕಳಿಸಿ, ತಲುಪಿತು ಎಂಬ ಉತ್ತರ ನಿಮ್ಮಿಂದ ಬರುವವರೆಗೆ ಕಾಯುತ್ತದೆ. ಒಂದು ಸಲಕ್ಕೆ ಎಷ್ಟನ್ನು ಕಳಿಸಬಹುದೆಂಬುದನ್ನು ವಿಂಡೋಸ್ ವಿಸ್ತಾದ ಕಾಲದಿಂದ ಕಂಪ್ಯೂಟರ್ ತಾನೇ ಅಳೆದು ಹಿಗ್ಗಿಸುತ್ತ ಬಂದಿದೆ. ಇಂತಹ ಸಾಫ್ಟ್‌ವೇರುಗಳಲ್ಲಿ ಕೆಲವು ಆ ಏರ್ಪಾಡನ್ನು ನಿಲ್ಲಿಸಿಬಿಡುತ್ತವೆ, ಆಗ ಒಂದು ಸಲಕ್ಕೆ 65,535 ಬೈಟುಗಳಷ್ಟೇ ಬರಬಹುದು. ಹೋಗಿ ಬರಲು 50 ಮಿಲಿಸೆಕೆಂಡ್ ಹಿಡಿಯುವ ಸರ್ವರಿನಿಂದ ಆಗ ಒಂದು ಡೌನ್‌ಲೋಡಿಗೆ ಸಿಗುವ ವೇಗ ಹತ್ತೂವರೆ ಎಂಬಿಪಿಎಸ್, 200 ಮಿಲಿಸೆಕೆಂಡ್ ಹಿಡಿಯುವ ಹೊರದೇಶದ ಸರ್ವರಿನಿಂದಾದರೆ ಎರಡೂವರೆಯ ಆಸುಪಾಸು. ನಿಮ್ಮ ಪ್ಲಾನ್ ಎಷ್ಟೇ ದೊಡ್ಡದಿದ್ದರೂ ಇದು ಬದಲಾಗುವುದಿಲ್ಲ. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ನೆಟ್‌ಶ್ ಇಂಟರ್‌ಫೇಸ್ ಟಿಸಿಪಿ ಶೋ ಗ್ಲೋಬಲ್ (netsh interface tcp show global) ಎಂಬ ಆಜ್ಞೆಯನ್ನು ಇಂಗ್ಲಿಷಿನಲ್ಲಿ ಕೊಟ್ಟರೆ ಬರುವ ಪಟ್ಟಿಯಲ್ಲಿ ಆಟೋ ಟ್ಯೂನಿಂಗ್ ಲೆವೆಲ್ ಎಂಬುದು ನಾರ್ಮಲ್ ಎಂದಿರಬೇಕು. ಡಿಸೇಬಲ್ಡ್ ಎಂದಿದ್ದರೆ ಆ ಸಾಫ್ಟ್‌ವೇರನ್ನು ತೆಗೆದುಹಾಕಿ, ಸೆಟ್ಟಿಂಗನ್ನು ನಾರ್ಮಲ್‌ಗೆ ಮರಳಿಸಿ, ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿ. ವೇಗ ಹೆಚ್ಚಿಸುವ ಸಾಫ್ಟ್‌ವೇರ್ ಎಂಬುದನ್ನು ಯಾರೂ ಹಾಕಿಕೊಳ್ಳಬಾರದೆಂದು ಈ ಅಂಕಣದ ಎಲ್ಲ ಓದುಗರಲ್ಲಿ ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ರಾತ್ರಿಯ ಇಳಿತಕ್ಕೆ ಬರೋಣ. ನಿಧಾನವಾಗಿರುವ ಹೊತ್ತಿನಲ್ಲಿಯೇ ಅದೇ ಕಮಾಂಡ್ ಪ್ರಾಂಪ್ಟಿನಲ್ಲಿ ಪಿಂಗ್ ಎಂಬ ಆಜ್ಞೆಯ ಮುಂದೆ ರೂಟರಿನ ವಿಳಾಸವನ್ನು ಕೊಡಿ, ಬಹಳಷ್ಟು ಮನೆಗಳಲ್ಲಿ ಅದು 192.168.1.1 ಆಗಿರುತ್ತದೆ. ಉತ್ತರ ಒಂದು ಮಿಲಿಸೆಕೆಂಡಿನೊಳಗೆ, ಒಂದೂ ತಪ್ಪದೆ ಬಂದರೆ ನಿಮ್ಮ ಮನೆಯೊಳಗಿನ ದಾರಿ ಶುದ್ಧವಾಗಿದೆ. ಆಮೇಲೆ 8.8.8.8 ಎಂಬ ಹೊರಗಿನ ವಿಳಾಸಕ್ಕೆ ಅದೇ ಆಜ್ಞೆ ಕೊಡಿ. ಬೆಳಿಗ್ಗೆ ಬರುವ ಅಂಕಿಗಿಂತ ರಾತ್ರಿಯದು ಹಲವು ಪಟ್ಟು ಹೆಚ್ಚಿದ್ದರೆ, ಅಥವಾ ನಡುನಡುವೆ ಉತ್ತರ ಬಾರದಿದ್ದರೆ, ದಟ್ಟಣೆ ಇರುವುದು ಹೊರಗಿನ ಲೈನಿನಲ್ಲಿ. ಫೈಬರಿನಲ್ಲಿ ಬಳಸುವ ಜಿಪಾನ್ (GPON) ಎಂಬ ವ್ಯವಸ್ಥೆಯಲ್ಲಿ ಒಂದು ಎಳೆಯ ಸುಮಾರು 2.5 ಜಿಬಿಪಿಎಸ್ ಸಾಮರ್ಥ್ಯವನ್ನು, ಎಳೆಯನ್ನು ಕವಲೊಡೆಸುವ ಸ್ಪ್ಲಿಟರ್ ಮೂಲಕ, 32 ಅಥವಾ 64 ಮನೆಗಳು ಹಂಚಿಕೊಳ್ಳಬಹುದು. ಅದರಾಚೆ, ನಿಮ್ಮ ಆಪರೇಟರ್ ಊರಿಗೆಂದು ಮೇಲಿನಿಂದ ಪಡೆದಿರುವ ಸಾಮರ್ಥ್ಯವೂ ಎಲ್ಲರ ನಡುವೆ ಹಂಚಿಹೋಗುತ್ತದೆ. ಊಟದ ಹೊತ್ತಿಗೆ ಎಲ್ಲರ ಮನೆಯ ಟಿವಿಗಳೂ ಅದರ ಮೇಲೆಯೇ ನಡೆಯುತ್ತವೆ. ಇದೇ ಇಳಿತ ರಾತ್ರಿಯ ಬದಲು ಮಧ್ಯಾಹ್ನ ಎರಡು ಗಂಟೆಗೆ ಬಂದಿದ್ದರೆ ಮಾತ್ರ ನಾನು ಬೇರೆ ಕಡೆ ನೋಡುತ್ತಿದ್ದೆ. ನಮ್ಮ ಬೇಸಿಗೆಯ 42 ಡಿಗ್ರಿಯಲ್ಲಿ, ಇನ್ವರ್ಟರಿನ ಮೇಲೆ ಅಥವಾ ಮುಚ್ಚಿದ ಶೋಕೇಸಿನೊಳಗೆ ಇಟ್ಟ ರೂಟರ್ ಕಾದು ತಡವರಿಸುವುದು ಮಾಮೂಲು.

ದೂರು ಕೊಡುವ ಮುನ್ನ ಎರಡನ್ನು ನೋಡಿಕೊಳ್ಳಿ. ನಿಮ್ಮ ಪ್ಲಾನಿನಲ್ಲಿ ತಿಂಗಳ ಡೇಟಾ ಮಿತಿ ಇದೆಯೇ, ಅದು ದಾಟಿದೆಯೇ ಎಂಬುದು ಒಂದು. ದಾಟಿದ್ದರೆ ವೇಗ ಇಡೀ ದಿನ ಇಳಿದೇ ಇರುತ್ತದೆ, ನಿಮ್ಮಂತೆ ಬೆಳಿಗ್ಗೆ ಮರಳುವುದಿಲ್ಲ. ಮನೆಯೊಳಗಿನ ಬಳಕೆ ಇನ್ನೊಂದು. ಟಾಸ್ಕ್ ಮ್ಯಾನೇಜರಿನ ನೆಟ್‌ವರ್ಕ್ ಕಾಲಮ್ಮಿನ ಮೇಲೆ ಕ್ಲಿಕ್ ಮಾಡಿದರೆ ಕಂಪ್ಯೂಟರಿನಲ್ಲಿ ಯಾವ ಪ್ರೋಗ್ರಾಂ ಹೆಚ್ಚು ಎಳೆಯುತ್ತಿದೆಯೆಂದು ತಿಳಿಯುತ್ತದೆ. ಅಲ್ಲಿ ಏನೂ ಇಲ್ಲದಿದ್ದರೆ ಮನೆಯ ಮೊಬೈಲುಗಳನ್ನೂ ಟಿವಿಯನ್ನೂ ಹತ್ತು ನಿಮಿಷ ಬಿಡಿಸಿ, ಕೇಬಲಿನ ಮೇಲೆ ಮಾತ್ರ ಮತ್ತೆ ಅಳೆಯಿರಿ. ಒಂದು ವಾರ ಬೆಳಿಗ್ಗೆ 7ಕ್ಕೆ ಮತ್ತು ರಾತ್ರಿ 9ಕ್ಕೆ ಹೀಗೆ ಅಳೆದ ಅಂಕಿಗಳನ್ನು, ಎರಡೂ ಪಿಂಗ್‌ಗಳ ಅಂಕಿಗಳ ಸಮೇತ, ಒಂದು ಹಾಳೆಯಲ್ಲಿ ದಿನಾಂಕ ಹಾಕಿ ಬರೆದಿಡಿ. ವೈಫೈಯಲ್ಲಿ ಅಳೆದ ಅಂಕಿಗಳನ್ನು ಅದರಲ್ಲಿ ಸೇರಿಸಬೇಡಿ, ಏಕೆಂದರೆ ಕಂಪನಿಯವರು ತಪ್ಪನ್ನು ನಿಮ್ಮ ಗೋಡೆಯ ಮೇಲೆ ಹಾಕಲು ಅದು ದಾರಿ ಮಾಡಿಕೊಡುತ್ತದೆ. ಹಾಳೆಯ ಫೋಟೊ ಸಮೇತ ದೂರು ಕೊಟ್ಟು, ದೂರಿನ ಸಂಖ್ಯೆಯನ್ನು ಕೇಳಿ ಪಡೆಯಿರಿ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2012ರಲ್ಲಿ ಹೊರಡಿಸಿದ ಗ್ರಾಹಕರ ದೂರು ನಿವಾರಣೆಯ ನಿಯಮಗಳಂತೆ ಪ್ರತಿ ದೂರಿಗೂ ಸಂಖ್ಯೆ ಕೊಡುವುದು ಕಡ್ಡಾಯ, ಪರಿಹಾರ ತೃಪ್ತಿಕರವಾಗಿರದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಅದೇ ಸಂಖ್ಯೆಯ ಮೇಲೆ ಅರ್ಜಿ ಹಾಕಬಹುದು. ಒಂದು ವಾರದ ನಂತರ ಆ ಹಾಳೆಯ ಪ್ರತಿಯನ್ನು ನನಗೂ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಅದನ್ನು ಇಟ್ಟುಕೊಂಡು ಉತ್ತರಿಸುತ್ತೇನೆ.